ಲೋಹಗಳಲ್ಲಿ ಬಿಡಾರ ಹೂಡಿರುವ ಎಲೆಕ್ಟ್ರಾನ್ ಮಹಾಶಯರಿಗೆ

ಮಹಾಶಯರೇ,

ಉಭಯ ಕುಶಲೋಪರಿ ಸಾಂಪ್ರತ. ನಮ್ಮ ಕಡೆ ಬಲಗೈಯ ಎರಡು ಬೆರಳು ಬಿಟ್ಟರೆ ಉಳಿದದ್ದೆಲ್ಲ ಕುಶಲ. ಇಂದು ಬೆಳಿಗ್ಗೆ ಹಾಲು ಉಕ್ಕುವುದರಲ್ಲಿತ್ತು, ಇಕ್ಕಳ ಎಂದಿನಂತೆ ನಾಪತ್ತೆ. ಅಲ್ಯೂಮಿನಿಯಂ ಪಾತ್ರೆಯ ಅಂಚು ಉರಿಯಿಂದ ಗೇಣು ಮೇಲಿದೆಯಲ್ಲ ಎಂಬ ಭಂಡ ಧೈರ್ಯದಲ್ಲಿ ಕೈ ಹಾಕಿದೆ. ಬೆಂಕಿ ಇದ್ದದ್ದು ಕೆಳಗೆ, ಸುಟ್ಟದ್ದು ಮೇಲೆ. ನಡುವೆ ಚಾಡಿ ಮುಟ್ಟಿಸಿದವರು ನೀವೇ ಎಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಪೂರ್ವಾಪರ ವಿಚಾರಿಸಿದೆ. ಮರ, ಗಾಜು, ಪ್ಲಾಸ್ಟಿಕ್ಕಿನಲ್ಲಿರುವ ನಿಮ್ಮ ದಾಯಾದಿಗಳು ಮರ್ಯಾದಸ್ಥರು, ಹೊಸ್ತಿಲು ದಾಟುವುದಿಲ್ಲ. ನೀವೋ, ಹುಟ್ಟಿದ ಪರಮಾಣುವನ್ನು ಮರೆತು ಇಡೀ ಪಾತ್ರೆಯನ್ನೇ ಮನೆ ಮಾಡಿಕೊಂಡವರು. ತಾಮ್ರದಲ್ಲಂತೂ ಪರಮಾಣುವಿಗೊಬ್ಬರಂತೆ ಮನೆ ಬಿಟ್ಟಿದ್ದೀರಿ. ಒಂದು ಘನ ಸೆಂಟಿಮೀಟರಿನೊಳಗೆ ನಿಮ್ಮ ಜನಸಂಖ್ಯೆ 85, ಅದರ ಮುಂದೆ 21 ಸೊನ್ನೆ! ನಿಮ್ಮಲ್ಲಿ ಚುರುಕಾದವರ ಓಟ ಸೆಕೆಂಡಿಗೆ ಸುಮಾರು 1,600 ಕಿ.ಮೀ. ತಳದ ಪರಮಾಣುಗಳು ಕಾದು ನಡುಗಿದರೆ ಆ ನಡುಕವನ್ನು ಅಂಚಿಗೆ ಒಯ್ಯಲು ಇನ್ನಾರು ಬೇಕು? ಮರದ ಸೌಟಿನಲ್ಲಿ ಪರಮಾಣುಗಳೇ ಮಗ್ಗುಲಿನವರನ್ನು ತಿವಿದು ತಿವಿದು ಈ ಕೆಲಸ ಮಾಡಬೇಕು. ಹುಳಿ ಕುದಿಸಿ ಇಳಿಸಿದರೂ ಬಿಸಿ ಹಿಡಿಯ ತನಕ ಬಂದಿರುವುದಿಲ್ಲ.

ಎರಡು ಕಡೆ ಸಂಬಳ ತೆಗೆದುಕೊಳ್ಳುವ ನಿಮ್ಮ ವ್ಯವಹಾರವೂ ಬಯಲಾಗಿದೆ. ಶಾಖವನ್ನು ಚೆನ್ನಾಗಿ ಸಾಗಿಸುವ ಲೋಹ ವಿದ್ಯುತ್ತನ್ನೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಸಾಗಿಸುತ್ತದೆ ಎಂದು ವೀಡೆಮಾನ್ ಮತ್ತು ಫ್ರಾಂಜ್ ಎಂಬ ವಿಜ್ಞಾನಿಗಳು 1853ರಲ್ಲೇ ಪತ್ತೆ ಹಚ್ಚಿದ್ದರು. ಆಗಿನ್ನೂ ನಿಮ್ಮ ಹೆಸರೇ ಯಾರಿಗೂ ಗೊತ್ತಿರಲಿಲ್ಲ. 1897ರಲ್ಲಿ ಥಾಮ್ಸನ್ ನಿಮ್ಮನ್ನು ಹಿಡಿದರು. 1900ರಲ್ಲಿ ಡ್ರೂಡ ಎಂಬ ಜರ್ಮನ್ ವಿಜ್ಞಾನಿ ಎರಡೂ ಕೆಲಸದ ಆಳು ಒಬ್ಬನೇ ಎಂದು ಲೆಕ್ಕ ಹಾಕಿ ತೋರಿಸಿದರು. ಅವರ ಲೆಕ್ಕದಲ್ಲಿ ಎರಡು ದೊಡ್ಡ ತಪ್ಪುಗಳಿದ್ದವು. ಒಂದನ್ನೊಂದು ಹೊಡೆದುಹಾಕಿ ಉತ್ತರ ಬಹುಪಾಲು ಸರಿ ಬಂತು. ನನ್ನ ಗಣಿತದ ಪರೀಕ್ಷೆಗಳಲ್ಲಿ ಇಂಥ ಭಾಗ್ಯ ಒಮ್ಮೆಯೂ ಒದಗಲಿಲ್ಲ.

ಇನ್ನು ಸ್ವಿಚ್ ಒತ್ತಿದ ಕ್ಷಣ ದೀಪ ಹತ್ತಿಸುವವರು ಎಂಬ ನಿಮ್ಮ ಕೀರ್ತಿಯ ವಿಷಯ. ಒಂದು ಚದರ ಮಿ.ಮೀ. ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿದರೆ ನೀವು ಮುಂದೆ ಸಾಗುವುದು ಗಂಟೆಗೆ ಒಂದು ಗೇಣು ಚಿಲ್ಲರೆ! ಆ ಓಟವೆಲ್ಲ ಎಡಕ್ಕೆ ಬಲಕ್ಕೆ, ಹಾದಿಯುದ್ದಕ್ಕೂ ಡಿಕ್ಕಿ. ಮನೆಗೆ ಬರುವ ಎ.ಸಿ. ಕರೆಂಟಿನಲ್ಲಿ ಆ ಗೇಣೂ ಇಲ್ಲ, ನಿಂತಲ್ಲೇ ಹಿಂದೆ ಮುಂದೆ ತೂಗಾಟ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹೋಯಿತಲ್ಲ, ಶಿವನಸಮುದ್ರದ ನಿಮ್ಮವರೊಬ್ಬರೂ ಗಣಿಯ ಮುಖ ಕಂಡಿಲ್ಲ. ಕಿಕ್ಕಿರಿದ ಬಸ್ಸಿನ ಹಿಂಬಾಗಿಲಲ್ಲಿ ಒಬ್ಬ ನೂಕಿದರೆ ಮುಂಬಾಗಿಲ ಮೆಟ್ಟಿಲಲ್ಲಿ ನಿಂತವನು ಉದುರುತ್ತಾನೆ. ಗಣಿಗೆ ತಲುಪಿದ್ದೂ ಅಂಥ ನೂಕು ಮಾತ್ರ.

ನಿಮಗೆ ಲಗಾಮು ಹಾಕುವುದು ನಮಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಕಬ್ಬಿಣಕ್ಕೆ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಬೆರೆಸಿದರೆ ಪರಮಾಣುಗಳ ಸಾಲು ಕೆಟ್ಟು, ಹೆಜ್ಜೆಗೊಂದು ಹಂಪ್ ಹಾಕಿದ ರಸ್ತೆಯಂತಾಗುತ್ತದೆ. ಆಗ ನೀವು ಸಾಗಿಸುವ ಶಾಖ ತಾಮ್ರದ ಇಪ್ಪತ್ತೈದರಲ್ಲಿ ಒಂದು ಪಾಲು. ಸಾರಿನಲ್ಲಿ ಬಿಟ್ಟ ಸ್ಟೀಲ್ ಚಮಚದ ತುದಿಯನ್ನು ಧೈರ್ಯವಾಗಿ ಹಿಡಿಯಬಹುದು, ಬೆಳ್ಳಿ ಚಮಚವನ್ನು ಹಿಡಿದು ನೋಡಲಿ ಯಾರಾದರೂ. ನೀವೇ ಅನಿವಾರ್ಯ ಎಂದೂ ಬೀಗಬೇಡಿ. ವಜ್ರದಲ್ಲಿ ನಿಮ್ಮಂಥ ಅಲೆಮಾರಿಗಳೇ ಇಲ್ಲ, ಆದರೂ ಅದು ಸಾಗಿಸುವ ಶಾಖ ತಾಮ್ರದ ಐದು ಪಟ್ಟು. ಹಾಲು ಕಾಯಿಸಲು ವಜ್ರದ ಪಾತ್ರೆ ಕೊಳ್ಳೋಣವೆಂದರೆ ತಿಂಗಳ ಕೊನೆ.

ಒಂದು ಉಪಕಾರ ಮಾತ್ರ ಮರೆಯಲಾರೆ. ಮಗುವಿಗೆ ಹಾಲು ಕುಡಿಸುವ ಮುನ್ನ ನಮ್ಮಜ್ಜಿ ಬೆಳ್ಳಿ ಒಳಲೆಯ ಹೊರಮೈಯನ್ನು ತನ್ನ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಬೆಳ್ಳಿಯಲ್ಲಿ ನಿಮಗೆ ಅಡೆತಡೆ ಎಲ್ಲ ಲೋಹಗಳಿಗಿಂತ ಕಡಿಮೆ. ಒಳಗಿನ ಬಿಸಿಯನ್ನು ಸುಳ್ಳು ಬೆರೆಸದೆ ಹೊರಗೆ ಹೇಳುತ್ತಿದ್ದಿರಿ. ಅಜ್ಜಿ ನಿಮ್ಮನ್ನು ನಂಬಿ ಐದು ಮಕ್ಕಳನ್ನು ಸಾಕಿದಳು.

ಇತಿ,
ಬೆರಳು ಸುಟ್ಟುಕೊಂಡವನು

ವಿ.ಸೂ.: ಇಕ್ಕಳ ಸಿಕ್ಕಿತು. ಒಲೆಯ ಪಕ್ಕದಲ್ಲೇ, ಉರಿಗೆ ತಾಗಿಕೊಂಡಿತ್ತು. ಈಗ ಎಡಗೈಯ ಬೆರಳೂ ಸೇರಿ ಒಟ್ಟು ಮೂರು.