ರೇಟಪ್ಪ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕುಗಳಲ್ಲಿ ಬೀದಿಗೊಬ್ಬನಂತೆ ಸಿಗುವ ಗೃಹಸ್ಥನೇ ರೇಟಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನಾದರೂ ಇರುತ್ತದೆ. ಎದುರಿಗೆ ಬಂದವರ ಕೈಚೀಲ ನೋಡಿ ‘ಎಷ್ಟ್ ಕೊಟ್ರಿ?’ ಎಂದು ಕೇಳದೆ ಮುಂದಕ್ಕೆ ಹೆಜ್ಜೆ ಇಡಲಾರದವರೆಲ್ಲ ಈ ವರ್ಗಕ್ಕೆ ಸೇರುತ್ತಾರೆ. ಎದುರಿನವರು ಎಷ್ಟೇ ಹೇಳಲಿ, ತೀರ್ಪು ಮೊದಲೇ ಬರೆದಿಟ್ಟದ್ದು: ‘ಮೋಸ ಹೋದ್ರಿ ಬುಡಿ.’ ವಯಸ್ಸು ಐವತ್ತರ ಆಚೀಚೆ. ಜೇಬಿನಲ್ಲಿ ಒಂದು ಪೆನ್ನು, ಮಡಿಸಿದ ನಾಲ್ಕಾರು ರಸೀದಿ, ಪ್ಯಾಕೆಟ್ಟಿನ ಹಿಂಬದಿ ಓದಲು ಒಂದು ಕನ್ನಡಕ.

ಬೆಲೆ ಕೇಳುವುದು ಈ ಸೀಮೆಯಲ್ಲಿ ಅಸಭ್ಯತೆ ಅಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಅಲ್ಲಿ ದಿನದಿನವೂ ಗೂಡಿಗೆ ಗರಿಷ್ಠ, ಕನಿಷ್ಠ, ಸರಾಸರಿ ಎಂದು ಮೂರು ಬೆಲೆ ಹೊರಬೀಳುತ್ತವೆ. ಹುಳ ಸಾಕುವ ಮನೆಗಳಲ್ಲಿ ಊಟದ ಹೊತ್ತಿನ ಮಾತೇ ಅದು. ಹೀಗಾಗಿ ಇಲ್ಲಿನವರಿಗೆ ರೇಟಿನ ಗೀಳು ಹುಟ್ಟಿನಿಂದಲೇ ಅಷ್ಟಿಷ್ಟು ಇರುತ್ತದೆ. ಅದು ಮಿತಿ ಮೀರಿದ್ದು 2020ರ ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಬಿದ್ದ ಮೇಲೆ. ಹೊರಗೆ ಹೋಗುವಂತಿಲ್ಲ, ಕೆಲಸವಿಲ್ಲ, ಕೈಯಲ್ಲಿ ಫೋನು. ಮನೆಯಲ್ಲಿದ್ದ ಉಪ್ಪು, ಸೋಪು, ಬಿಸ್ಕೆಟ್ ಪ್ಯಾಕೆಟ್‌ಗಳ ಹಿಂಬದಿಯನ್ನೆಲ್ಲ ರೇಟಪ್ಪ ಓದಿ ಮುಗಿಸಿದ. ಲಾಕ್‌ಡೌನ್ ತೆರವಾದಾಗ ಉಳಿದವರು ಮನೆಯಿಂದ ಆಚೆ ಬಂದರು. ರೇಟಪ್ಪ ಪ್ಯಾಕೆಟ್ಟಿನ ಹಿಂಬದಿಯಿಂದ ಆಚೆ ಬರಲೇ ಇಲ್ಲ.

ಬಂದಿದ್ದರೂ ಸುಖವಿರಲಿಲ್ಲ. ಗ್ಯಾಸಿನ ಸಬ್ಸಿಡಿ 2020ರ ನಡುವಿನಲ್ಲೇ ಸದ್ದಿಲ್ಲದೆ ನಿಂತುಹೋಯಿತು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಹತ್ತಿಕೊಂಡಾಗ ಕನಕಪುರದ ಅಡುಗೆಮನೆಯ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಯಿತು. 2023ರ ಮಾರ್ಚಿಗೆ ಸಿಲಿಂಡರು 1,100 ರೂಪಾಯಿ ದಾಟಿತು, ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿತು. ಆ ತಿಂಗಳು ರೇಟಪ್ಪ ಕಾಲು ಕಿಲೋ ಟೊಮೆಟೊ ತಂದು, ಅಡುಗೆಮನೆಯ ಡಬ್ಬಿಯಲ್ಲಿಡದೆ ಬೀರುವಿನಲ್ಲಿಟ್ಟ ಎಂದು ಊರಿನವರು ಹೇಳುತ್ತಾರೆ. ಇದು ಉತ್ಪ್ರೇಕ್ಷೆ ಇರಬಹುದು. ಹುಳಿಗೆ ಹುಣಸೆಹಣ್ಣೇ ಸಾಕೆಂದು ಅವನು ಅಪ್ಪಣೆ ಮಾಡಿದ್ದು ಮಾತ್ರ ನಿಜ.

ಅವನ ದಿನ ಹಾಲಿನಿಂದ ಶುರು. 2024ರ ಜೂನ್ ಕೊನೆಗೆ ನಂದಿನಿ ಹಾಲಿನ ಲೀಟರ್ ಪ್ಯಾಕೆಟ್ಟಿಗೆ 50 ಎಂ.ಎಲ್. ಹೆಚ್ಚು ತುಂಬಿ ಎರಡು ರೂಪಾಯಿ ಏರಿಸಿದರು. ಹೆಚ್ಚಿನ ಹಾಲು ಕೇಳಿದವರು ಯಾರು ಎಂಬುದು ರೇಟಪ್ಪನ ಪ್ರಶ್ನೆ. 2025ರ ಏಪ್ರಿಲ್ 1ರಂದು ಆ 50 ಎಂ.ಎಲ್. ವಾಪಸ್ ಹೋಯಿತು, ಬೆಲೆ ಮಾತ್ರ ಹಿಂದಕ್ಕೆ ಹೋಗಲಿಲ್ಲ; 44ರಲ್ಲಿದ್ದ ಟೋನ್ಡ್ ಹಾಲು 46 ಆಯಿತು. ಈ ವಿಷಯವನ್ನು ಅವನು ಡೈರಿ ಬೂತಿನ ಹುಡುಗನಿಗೆ ಬೆಳಿಗ್ಗೆ ಆರು ಗಂಟೆಗೆ ವಿವರಿಸುತ್ತಾನೆ. ಹುಡುಗ ಚಿಲ್ಲರೆ ಎಣಿಸುತ್ತಾ ‘ನಾನೇನ್ ಮಾಡ್ಲಿ ಅಂಕಲ್, ನಂಗ್ ಬರೋದು ಅದೇ ಕಮಿಷನ್ನು’ ಅನ್ನುತ್ತಾನೆ. ಹಿಂದೆ ಸಾಲಿನಲ್ಲಿ ನಿಂತವರಲ್ಲಿ ಇಬ್ಬರು ಹಾಲು ಬಿಟ್ಟು ಹೋಗಿರುತ್ತಾರೆ.

ಅವನ ನಿಜವಾದ ರಣರಂಗ ಇರುವುದು ಮನೆ ಗೋಡೆಯ ಮೇಲೆ, ಕರೆಂಟ್ ಮೀಟರಿನ ಬಳಿ. 2023ರ ಆಗಸ್ಟ್ ಬಿಲ್ಲಿನಿಂದ ಗೃಹಜ್ಯೋತಿ ಜಾರಿಗೆ ಬಂತು. ಯೋಜನೆಯ ಬಾಯಿಮಾತು 200 ಯೂನಿಟ್ ಉಚಿತ ಎಂದು. ಒಳಗಿನ ಲೆಕ್ಕ ಬೇರೆ: 2022–23ರ ಸಾಲಿನಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತೋ ಅಷ್ಟು, ಅದರ ಮೇಲೆ ಶೇ 10. ಅದನ್ನು ಮೀರಿದ್ದಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲಿಗೂ ದುಡ್ಡು. ಈ ಸೂತ್ರ ರೇಟಪ್ಪನ ಹೊಟ್ಟೆಗೆ ಬೆಂಕಿ ಇಟ್ಟಿತು. ಆ ವರ್ಷವಿಡೀ ಅವನು ಒಂದೇ ಬಲ್ಬಿನ ಕೆಳಗೆ ಇಡೀ ಸಂಸಾರವನ್ನು ಕೂರಿಸಿ ತಿಂಗಳಿಗೆ 62 ಯೂನಿಟ್‌ನಲ್ಲಿ ಮುಗಿಸಿದ್ದ. ಅವನ ಪಾಲಿಗೆ ಬಂದದ್ದು 68. ಪಕ್ಕದ ಮನೆಯವರು ಗೀಸರ್ ಆರಿಸುವುದನ್ನೇ ಮರೆತು 170 ಉರಿಸಿದ್ದರು, ಅವರಿಗೆ 187. ‘ಉಳಿಸ್ದೋನ್ ಕೆಟ್ಟ, ಉಡಾಯ್ಸ್ದೋನ್ ಗೆದ್ದ ಕಣ್ರೀ’ ಎಂದು ಅವನು ಇಂದಿಗೂ ಹೇಳುತ್ತಾನೆ. ಇದರಲ್ಲಿ ಅವನ ತಪ್ಪಿಲ್ಲ. ತೀರಾ ಕಡಿಮೆ ಬಳಸುವವರಿಗೆ ಅನ್ಯಾಯವಾಗಿದೆಯೆಂದು ಸರ್ಕಾರಕ್ಕೂ ಅನ್ನಿಸಿ, 2024ರ ಜನವರಿಯಲ್ಲಿ 48 ಯೂನಿಟ್‌ವರೆಗಿನ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಟ್ಟಿತು. ರೇಟಪ್ಪನದು 62, ಅಲ್ಲಿಯೂ ಅವನಿಗೆ ದಕ್ಕಲಿಲ್ಲ.

ಹೀಗಾಗಿ ತಿಂಗಳ ಕೊನೆಯ ವಾರ ಆ ಮನೆಯಲ್ಲಿ ಇಸ್ತ್ರಿ ನಿಷಿದ್ಧ. ಮಿಕ್ಸಿಯ ಬದಲು ಒರಳು. ಮಗಳು ಪರೀಕ್ಷೆಗೆ ಓದುವುದು ಬೀದಿದೀಪ ಬೀಳುವ ಕಿಟಕಿಯ ಪಕ್ಕ. ಪ್ರತಿ ರಾತ್ರಿ ಒಂಬತ್ತಕ್ಕೆ ಅವನು ಫೋನಿನ ಟಾರ್ಚು ಬಿಟ್ಟು ಮೀಟರ್ ಓದಿ ಕ್ಯಾಲೆಂಡರಿನ ಆಯಾ ತಾರೀಖಿನ ಚೌಕದಲ್ಲಿ ಬರೆಯುತ್ತಾನೆ; ರಾಹುಕಾಲ, ಗುಳಿಕಕಾಲಗಳ ಕೆಳಗೆ ಯೂನಿಟ್. ಬಿಲ್ ಹರಿಯುವ ಹುಡುಗ ಬಂದು ಸೊನ್ನೆ ಬಿಲ್ ಕೊಟ್ಟ ದಿನ ಮನೆಯಲ್ಲಿ ಪಾಯಸ. ಆ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆಂದು ಅನುಭವದಿಂದ ತಿಳಿದಿರುವ ರೇಟಪ್ಪ ಅದನ್ನು ಅಂದೇ ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕುತ್ತಾನೆ. ಸೊನ್ನೆ ರೂಪಾಯಿ ಬಿಲ್ಲಿಗೆ ಎರಡು ರೂಪಾಯಿ ಜೆರಾಕ್ಸ್.

ಈ ಪ್ರಭೇದ ಕಡಲಾಚೆಯೂ ಉಂಟು. 2022ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಹಣದುಬ್ಬರ ಶೇ 11.1ಕ್ಕೆ, 41 ವರ್ಷಗಳಲ್ಲೇ ಮೇಲಿನ ಮಟ್ಟಕ್ಕೆ ಏರಿತ್ತು. ಆ ಚಳಿಗಾಲ ಮನೆ ಬೆಚ್ಚಗಿಡಲು ಆಗದವರು ಬಂದು ಕೂರಲೆಂದು ಅಲ್ಲಿನ ಲೈಬ್ರರಿಗಳು, ಚರ್ಚುಗಳು ಬಾಗಿಲು ತೆರೆದಿಟ್ಟವು. ಅಲ್ಲಿ ನೆಲೆಸಿದ ಮಾಗಡಿ ಕಡೆಯ ಹುಡುಗರು ಅಡುಗೆಮನೆಯ ಸ್ಮಾರ್ಟ್ ಮೀಟರಿನಲ್ಲಿ ಪೌಂಡ್ ಏರುವುದನ್ನು ವಿಡಿಯೋ ಕಾಲಿನಲ್ಲಿ ತೋರಿಸಿದರೆ, ಈ ಕಡೆಯ ರೇಟಪ್ಪ ‘ಅಲ್ಲಿ ಗೌರ್ಮೆಂಟು ಯೂನಿಟ್ ಫ್ರೀ ಕೊಡಾಕಿಲ್ವೇನ್ಲಾ?’ ಎಂದು ಕೇಳುತ್ತಾನೆ. ಅಪ್ಪ ಮಗನ ನಡುವೆ ಅಷ್ಟು ಆತ್ಮೀಯ ಮಾತುಕತೆ ಹಿಂದೆಂದೂ ನಡೆದಿರುವುದಿಲ್ಲ.

ಅಕ್ಕಿಯ ವಿಷಯ ಚಿಕ್ಕದು. 2022ರ ಜುಲೈ 18ರಿಂದ ಲೇಬಲ್ ಅಂಟಿಸಿದ 25 ಕಿಲೋವರೆಗಿನ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಿತ್ತು. ಗಿರಣಿಯವರು ತಡಮಾಡದೆ 26 ಕಿಲೋ ಚೀಲ ಹೊಲಿಸಿದರು. ದೇಶದಲ್ಲಿ ತನ್ನಂತೆ ಯೋಚಿಸುವವರು ಇನ್ನೂ ಇದ್ದಾರೆಂದು ರೇಟಪ್ಪನಿಗೆ ಸಮಾಧಾನವಾದದ್ದು ಅಂದೇ. ತೆರಿಗೆ ಉಳಿಯಿತೆಂದು ನಾಲ್ಕು ಚೀಲ ತಂದು ಅಟ್ಟಕ್ಕೇರಿಸಿದ. ಮನೆಯಲ್ಲಿ ಎರಡು ಹೊತ್ತೂ ಉಣ್ಣುವುದು ರಾಗಿಮುದ್ದೆ. ಅಕ್ಕಿಗೆ ಹುಳ ಬಿತ್ತು.

ಟೋಲಿನ ಕತೆ ಹಾಗಲ್ಲ, ಅದು ಮುಗಿಯುವಂಥದ್ದೇ ಅಲ್ಲ. ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಗಿ, ಎರಡೇ ದಿನಕ್ಕೆ ಟೋಲ್ ಶುರುವಾಯಿತು. ಕಾರಿಗೆ ಒಂದು ಸಲಕ್ಕೆ 135 ಇದ್ದದ್ದು ಜೂನಿನಲ್ಲಿ 165. ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುವುದರಿಂದ ಹಳೇ ರಸ್ತೆಯ ಬದಿಯ ಗೊಂಬೆ ಅಂಗಡಿಗಳಿಗೂ ತಟ್ಟೆ ಇಡ್ಲಿ ಹೋಟೆಲುಗಳಿಗೂ ಗಿರಾಕಿ ತಗ್ಗಿದರು. ಚನ್ನಪಟ್ಟಣದ ರೇಟಪ್ಪ ಇದಕ್ಕೆ ಮರುಗುತ್ತಾನೆ. ಹಾಗೆಂದು ಮೊಮ್ಮಗುವಿಗೆ ಆಲೆ ಮರದ ಗಿಲಕಿ ಕೊಳ್ಳಲು ಹೋದಾಗ, ‘ಗಿರಾಕಿನೇ ಇಲ್ಲ ಅಂತೀಯ, ರೇಟ್ ಇಳಿಸ್ಬಾರ್ದಾ?’ ಎಂದು ಕೇಳದೆ ಇರುವುದಿಲ್ಲ. ಅರಗು, ಬಣ್ಣ, ಕರೆಂಟು, ಕೂಲಿ ಎಲ್ಲ ಏರಿದೆ ಎಂದು ಅಂಗಡಿಯವರು ಹೇಳಿದರೆ ಅದನ್ನೂ ಒಪ್ಪುತ್ತಾನೆ, ಚೌಕಾಸಿಯನ್ನೂ ಬಿಡುವುದಿಲ್ಲ.

2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು: 3,000 ರೂಪಾಯಿ, ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ರೇಟಪ್ಪ ಕೂಡಲೇ ಭಾಗಿಸಿದ. ಸಲಕ್ಕೆ ಹದಿನೈದೇ ರೂಪಾಯಿ! ಸಲಕ್ಕೆ 150ರಂತೆ ಇನ್ನೂರು ಸಲಕ್ಕೆ ಮೂವತ್ತು ಸಾವಿರ ಉಳಿತಾಯ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುತ್ತಿದ್ದವನು ಈಗ ಪಾಸಿನ ದುಡ್ಡು ವಸೂಲಿ ಮಾಡಲು ವಾರಕ್ಕೆರಡು ಸಲ ಹೋಗುತ್ತಾನೆ. ಅಲ್ಲಿ ಕೆಲಸವೇನೂ ಇರುವುದಿಲ್ಲ. ಕೆಂಗೇರಿಯಲ್ಲಿ ಒಂದು ಬೈಟು ಕಾಫಿ ಕುಡಿದು, ಅದರ ಬೆಲೆಯ ಬಗ್ಗೆ ಎರಡು ಮಾತಾಡಿ, ತಿರುಗುತ್ತಾನೆ. ಸುಟ್ಟ ಪೆಟ್ರೋಲನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಏಕೆಂದರೆ ಅದು ಟೋಲ್ ಅಲ್ಲ. ಸ್ಕೂಟರಿನ ರೇಟಪ್ಪನಿಗೆ ಈ ಸುಖವೂ ಇಲ್ಲ. 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಆ ಹೆದ್ದಾರಿಯ ಮೇಲೆ ಪ್ರವೇಶವೇ ಇಲ್ಲದ್ದರಿಂದ ಅವನು ಸರ್ವಿಸ್ ರಸ್ತೆಯಲ್ಲಿ ಹಂಪು ಎಣಿಸುತ್ತಾ ಹೋಗುತ್ತಾನೆ.

ರೈಲಿನಲ್ಲಿ ಅವನಿಗೆ ಒಂದು ಗೆಲುವು ಸಿಕ್ಕಿದೆ. ಕೋವಿಡ್ ಹೊತ್ತಿನಲ್ಲಿ ಪ್ಯಾಸೆಂಜರ್ ಗಾಡಿಗಳಿಗೆ ಸ್ಪೆಷಲ್ ಎಂಬ ಬಿರುದು ಕೊಟ್ಟು ಕನಿಷ್ಠ ದರವನ್ನು 10ರಿಂದ 30 ರೂಪಾಯಿಗೆ ಏರಿಸಿದ್ದರು. ರಾಮನಗರದಲ್ಲಿ ಹತ್ತಿ ಚನ್ನಪಟ್ಟಣದಲ್ಲಿ ಇಳಿದರೂ ಮೂವತ್ತು. ಕೋವಿಡ್ ಹೋದರೂ ಸ್ಪೆಷಲ್ ಹೋಗಲಿಲ್ಲ. 2024ರ ಫೆಬ್ರುವರಿಯಲ್ಲಿ ಮತ್ತೆ ಹತ್ತಾಯಿತು. ಅದು ತನ್ನ ಗೊಣಗಾಟದ ಫಲವೆಂದೇ ಅವನ ನಂಬಿಕೆ.

ರೇಟಪ್ಪನ ಹೆಂಡತಿಯ ಸ್ಥಿತಿಗತಿಯನ್ನೂ ಇಲ್ಲಿ ಹೇಳಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. 2025ರ ಜನವರಿಯಲ್ಲಿ ದರ ಶೇ 15 ಏರಿದಾಗ ಅದು ತಗುಲಿದ್ದು ಅವನಿಗೆ ಮಾತ್ರ. ಆಕೆ ಮನೆಯಲ್ಲಿ ಕೂತಿದ್ದರೆ ಅವನಿಗೆ ನಷ್ಟವಾದಂತೆ ಸಂಕಟ.

‘ಸುಮ್ನೆ ಕೂತಿದ್ದೀಯಲ್ಲ, ಬಸ್ಸು ಫ್ರೀ ಐತೆ. ಮಾಗಡೀಲಿ ತೊಗರಿಬೇಳೆ ಎರಡ್ರೂಪಾಯಿ ಕಮ್ಮಿಯಂತೆ. ಓಗಿ ತಂದ್ಬುಡು.’

‘ಮಂಡಿ ನೋವ್ಗೆ ಮಾತ್ರೆ ಯಾರ್ ಫ್ರೀ ಕೊಡ್ತಾರೆ?’ ಎಂದು ಆಕೆ ಕೇಳಿದರೆ ಉತ್ತರವಿಲ್ಲ. ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ನೇರ ಆಕೆಯ ಖಾತೆಗೇ ಬೀಳುತ್ತದೆ. ಆ ಮನೆಯಲ್ಲಿ ರೇಟಪ್ಪನ ಆಡಿಟ್ಟಿಗೆ ಸಿಗದ ಖಾತೆ ಅದೊಂದೇ. ಕಂತು ತಡವಾದಾಗ ಸರ್ಕಾರವನ್ನು ಬೈಯುವವನು ಅವನು. ಬಂದಾಗ ಸುಮ್ಮನಿರುವವಳು ಆಕೆ.

ಫೋನಿನಲ್ಲಿ ದುಡ್ಡು ಕಳಿಸುವುದನ್ನು ಲಾಕ್‌ಡೌನಿನಲ್ಲೇ ಕಲಿತ ರೇಟಪ್ಪನಿಗೆ ಅಂಗಡಿಯ ಕೂಗುಪೆಟ್ಟಿಗೆ ವೈರಿ. ಹಿಂದೆ ಅವನು ಏನು ಕೊಂಡನೆಂಬುದು ಅಂಗಡಿಯವನಿಗೆ ಮಾತ್ರ ಗೊತ್ತಾಗುತ್ತಿತ್ತು. ಈಗ ‘ಏಳು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಡಬ್ಬಿ ಸಂತೆ ಬೀದಿಗೆಲ್ಲ ಸಾರುತ್ತದೆ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಕೆಲವು ಅಂಗಡಿಗಳು ‘ಕ್ಯಾಶ್ ಮಾತ್ರ’ ಎಂದು ಬೋರ್ಡು ಹಾಕಿದವು. ಡಬ್ಬಿ ಬಾಯಿ ಮುಚ್ಚಿದ್ದಕ್ಕೆ ಸಂತೋಷಪಟ್ಟವನು ಬಹುಶಃ ಅವನೊಬ್ಬನೇ. ಅದೇ ವರ್ಷ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಇಳಿಯುತ್ತದೆಂದು ಗೊತ್ತಾಗಿ ಮನೆಯಲ್ಲಿ ಮೂರು ವಾರ ತುಪ್ಪ ತರಲಿಲ್ಲ. 650 ಇದ್ದ ನಂದಿನಿ ತುಪ್ಪ 610 ಆಯಿತು. ಇನ್ನೂ ಇಳಿಯಬಹುದೆಂದು ಕಾದ. ನವೆಂಬರಿನಲ್ಲಿ 700 ಆಯಿತು.

2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡುವ ತೀರ್ಮಾನವಾದಾಗ ಊರು ಎರಡು ಗುಂಪಾಗಿ ವಾದಿಸಿತು. ರೇಟಪ್ಪ ಎರಡಕ್ಕೂ ಸೇರಲಿಲ್ಲ. ತನ್ನ ಮೂವತ್ತು ನಲವತ್ತರ ಸೈಟಿನ ರೇಟು ಏರುತ್ತದೆಯೇ, ಏರಿದರೆ ಕಂದಾಯವೂ ಏರುತ್ತದೆಯೇ ಎಂಬುದಷ್ಟೇ ಅವನ ವಿಚಾರ.

ಇಷ್ಟೆಲ್ಲ ಬಲ್ಲ ರೇಟಪ್ಪನಲ್ಲಿ ಒಂದು ದೊಡ್ಡ ಕೊರತೆ ಇದೆ. ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಹೆಚ್ಚಾಯಿತೆಂದು ತಳ್ಳುಗಾಡಿಯ ಅಕ್ಕನ ಜೊತೆ ಅರ್ಧ ಗಂಟೆ ಕಾದಾಡುವವನು, ಆನ್‌ಲೈನಿನಲ್ಲಿ ತರಿಸಿದ ಮಿಕ್ಸಿ ಮೂರನೇ ದಿನಕ್ಕೆ ಹೊಗೆಯಾಡಿದಾಗ ತಣ್ಣಗಾಗಿಬಿಡುತ್ತಾನೆ. ಕಸ್ಟಮರ್ ಕೇರಿಗೆ ಫೋನು ಮಾಡುತ್ತಾನೆ. ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ನಾಲ್ಕು ಒತ್ತಿ, ಸಂಗೀತ ಕೇಳುತ್ತಿರಿ. ಸಂಗೀತ ಮುಗಿಯುವಷ್ಟರಲ್ಲಿ ಕಾಲ್ ಕಟ್ಟಾಗಿರುತ್ತದೆ. ‘ಬುಡು, ದೊಡ್ಡೋರ್ ಸವಾಸ’ ಎಂದು ಮಿಕ್ಸಿಯನ್ನು ಅಟ್ಟಕ್ಕೆ, ಹುಳ ಬಿದ್ದ ಅಕ್ಕಿಯ ಪಕ್ಕಕ್ಕೆ ಇಡುತ್ತಾನೆ. ಅಕ್ಕನಿಗೆ ಉಳಿಯುವುದು ಕಟ್ಟಿಗೆ ಒಂದೋ ಎರಡೋ ರೂಪಾಯಿ. ಅವಳು ಕೈಗೆ ಸಿಗುತ್ತಾಳೆ, ಕಂಪನಿ ಸಿಗುವುದಿಲ್ಲ. ಅವನ ಶೌರ್ಯದ ಎಲ್ಲೆ ಅಲ್ಲಿಗೆ ಮುಗಿಯಿತು.

ಕಾನೂನು ಅಷ್ಟು ದೂರ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು, ಕೋವಿಡ್ ನಡುವೆಯೇ ಜಾರಿಗೆ ಬಂತು. ಬಹುಪಾಲು ಜನರ ಗಮನಕ್ಕೆ ಬಾರದೆ ಹೋದದ್ದು ಅದಕ್ಕೇ ಇರಬಹುದು. ಅದರ ಪ್ರಕಾರ ಕಂಪನಿ ಎಲ್ಲೇ ಇರಲಿ, ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು, ಆ ಕರೆಗೂ ದುಡ್ಡಿಲ್ಲ. ದೂರು ಕೊಡಲು ಎರಡು ವರ್ಷದ ಅವಧಿ ಇದೆ. ಅಟ್ಟದ ಮೇಲೆ ಮಿಕ್ಸಿಯೋ ಮತ್ತೊಂದೋ ಇಟ್ಟಿರುವವರು ರಸೀದಿಯ ತಾರೀಖು ಒಮ್ಮೆ ನೋಡಿಕೊಳ್ಳಿ, ಅಕ್ಷರ ಅಳಿಸುವ ಮೊದಲು.