ತಲೆಯ ಸುತ್ತಲಿನ ಗಾಳಿ

ದೇಶದೇಶಕ್ಕೂ ಪಾಸ್‌ಪೋರ್ಟ್ ಫೋಟೋದ ಅಳತೆ ಬೇರೆಯಾಗಿರುವುದು ಭದ್ರತೆಗಾಗಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೋಲಾರದ ಚಿನ್ನದ ಗಣಿ ಪ್ರದೇಶದ ಕೋರಮಂಡಲ್‌ನಿಂದ ರೈಲು ಹತ್ತಿ ಬಂಗಾರಪೇಟೆಯ ಸ್ಟುಡಿಯೋಗೆ ಬರುವ ಹುಡುಗನಿಗೆ ಇರುವುದು ಒಂದೇ ಮುಖ. ಅದನ್ನೇ ಅಮೆರಿಕಕ್ಕೆ ಎರಡಿಂಚಿನ ಚೌಕವಾಗಿ, ಬ್ರಿಟನ್ನಿಗೆ 35×45 ಮಿ.ಮೀ., ಚೀನಾ ವೀಸಾಕ್ಕೆ 33×48, ಕೆನಡಾ ಪಾಸ್‌ಪೋರ್ಟಿಗೆ 50×70 ಎಂದು ಕತ್ತರಿಸಬೇಕು. ಮಾಡಲು ಬೇರೆ ಕೆಲಸವಿಲ್ಲದವರು, ಅಂದರೆ ನನ್ನಂಥವರು, ಸ್ಕೇಲು ಹಿಡಿದು ಕೂತರೆ ಒಳಗಿನ ಗುಟ್ಟು ಬಯಲಾಗುತ್ತದೆ. ಗದ್ದದಿಂದ ನೆತ್ತಿಯವರೆಗೆ ತಲೆ ಎಷ್ಟುದ್ದ ಇರಬೇಕು? ಅಮೆರಿಕ 25ರಿಂದ 35 ಮಿ.ಮೀ. ಎನ್ನುತ್ತದೆ, ಬ್ರಿಟನ್ 29ರಿಂದ 34, ಚೀನಾ 28ರಿಂದ 33, ಕೆನಡಾ 31ರಿಂದ 36. ತಲೆಯನ್ನು 32ಕ್ಕೆ ನಿಲ್ಲಿಸಿ ನೋಡಿ, ನಾಲ್ಕಕ್ಕೂ ಒಪ್ಪಿಗೆ! ಸುಂಕದ ಮಾತೆತ್ತಿದರೆ ಕಾಲು ಕೆರೆದು ನಿಲ್ಲುವ ಅಮೆರಿಕ, ಚೀನಾಗಳು ಕೋರಮಂಡಲ್ ಹುಡುಗನ ತಲೆಯ ವಿಷಯದಲ್ಲಿ ಏಕಾಭಿಪ್ರಾಯ ಹೊಂದಿವೆ. ಜಗಳವೆಲ್ಲ ತಲೆಯ ಸುತ್ತಲಿನ ಗಾಳಿಯದು. ಅಮೆರಿಕಕ್ಕೆ ಕಿವಿಗಳ ಅಕ್ಕಪಕ್ಕ ಸೆಟ್‌ಬ್ಯಾಕ್ ಬಿಟ್ಟ ಸೈಟಿನಂತೆ ಜಾಗ ಬೇಕು. ಕೆನಡಾಕ್ಕೆ ಎಪ್ಪತ್ತರಲ್ಲಿ ಮೂವತ್ತೆರಡು ಹೋಗಿ ಮೂವತ್ತೆಂಟು ಉಳಿಯಬೇಕು, ತಲೆಗಿಂತ ಖಾಲಿ ಜಾಗವೇ ಹೆಚ್ಚು (ಅಂಗಿಯ ಕಾಲರನ್ನೂ ನಾನು ಖಾಲಿಯ ಲೆಕ್ಕಕ್ಕೇ ಹಾಕಿದ್ದೇನೆ). ಬಣ್ಣದ ತಕರಾರು ಬೇರೆ: ಅಮೆರಿಕದ ಗಾಳಿ ಬಿಳಿ, ಬ್ರಿಟನ್ನಿನದು ಕೆನೆ ಅಥವಾ ತಿಳಿಬೂದು.

ಮುಖ ಗುರುತಿಸುವ ಯಂತ್ರಕ್ಕೆ ಇದೆಲ್ಲ ಬೇಕಲ್ಲವೇ ಎಂದು ಕೇಳುವವರಿದ್ದಾರೆ. ಯಂತ್ರ ನೋಡುವುದು ಕಣ್ಣು, ಮೂಗು, ಬಾಯಿಗಳನ್ನು. ನಗಬೇಡ ಎಂದರೆ ಒಪ್ಪೋಣ. 2016ರ ನವೆಂಬರಿನಿಂದ ಅಮೆರಿಕ ಕನ್ನಡಕ ತೆಗೆಸಿದ್ದನ್ನೂ ಒಪ್ಪೋಣ. ಪಾಸ್‌ಪೋರ್ಟಿನೊಳಗಿನ ಮುಖಕ್ಕೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 9303ನೇ ದಸ್ತಾವೇಜು ಎಲ್ಲರಿಗೂ ಒಂದೇ ಇರುವಾಗ, ಅರ್ಜಿಗೆ ಅಂಟಿಸುವ ಕಾಗದ ಮಾತ್ರ ಯಾಕೆ ನಾಲ್ಕು ಥರ? ಹಳೇ ಫಾರಂನ ಚೌಕಟ್ಟು ಹಾಗಿತ್ತು, ಅಮೆರಿಕದವರಿಗೆ ಇಂಚು ಬಿಟ್ಟಿರಲಾಗದು ಎಂದರೆ ಅದು ಅಭ್ಯಾಸ, ಭದ್ರತೆಯಲ್ಲ. ನಮ್ಮ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಕೌಂಟರಿನವರೇ ಫೋಟೋ ತೆಗೆದು ಈ ರಗಳೆ ತಪ್ಪಿಸಿದ್ದಾರೆ. ಆದರೆ ನಾಲ್ಕು ವರ್ಷದೊಳಗಿನ ಮಗುವಿನ ಫೋಟೋವನ್ನು ಮನೆಯವರೇ ತರಬೇಕು. ಅಂದರೆ ಅಲುಗಾಡದೆ ಕೂರಬಲ್ಲವರ ಜವಾಬ್ದಾರಿ ಸರಕಾರದ್ದು, ಕೂರದವರದ್ದು ತಾಯಿಯದ್ದು.

ಇಷ್ಟಕ್ಕೆಲ್ಲ ಸಿಡುಕೇಕೆ, ಬೇರೆಯವರ ದೇಶಕ್ಕೆ ಹೋಗುವಾಗ ಅವರ ಮಾತು ಕೇಳಬೇಡವೇ ಎಂದರೆ, ಚಿನ್ನದ ಗಣಿಯ ಊರಿಗೆ ಆ ಬುದ್ಧಿವಾದ ಸುಲಭಕ್ಕೆ ಇಳಿಯುವುದಿಲ್ಲ. 1930ರಲ್ಲಿ ಗಣಿ ಕಂಪನಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸಲು ಹೊರಟಾಗ ಅವರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. 2001ರ ಫೆಬ್ರವರಿಯಲ್ಲಿ ಗಣಿಯೇ ಮುಚ್ಚಿತು. ಆ ಮನೆಗಳ ಮೊಮ್ಮಕ್ಕಳು ಈಗ ಅಮೆರಿಕದ ವೀಸಾಕ್ಕಾಗಿ ಹತ್ತೂ ಬೆರಳನ್ನು ಗಾಜಿನ ಮೇಲೆ ತಾವಾಗಿಯೇ ಒತ್ತುತ್ತಾರೆ, ಹೊಟ್ಟೆಪಾಡು, ತಪ್ಪೆನ್ನುವಂತಿಲ್ಲ. ಆದರೆ ಹತ್ತು ಬೆರಳು ಕೈಗೆ ಸಿಕ್ಕ ಮೇಲೆ ಮನುಷ್ಯ ಯಾರೆಂದು ತಿಳಿಯಲು ಕಿವಿಯ ಪಕ್ಕದ ಗಾಳಿಯನ್ನೂ ಅಳೆಯಬೇಕೇ?