ಕಲ್ಲು ಆಯುವ ಷಡ್ಡಕರು

ಸಮುದ್ರ ಕಂಡ ಕೂಡಲೇ ನಮ್ಮ ಬಯಲುಸೀಮೆಯ ಜನ ಒಂದೊಂದು ದಿಕ್ಕಿಗೆ ಚೆದುರುತ್ತಾರೆ. ಹುಡುಗರು ನೀರಿಗೆ ಬೀಳುತ್ತಾರೆ, ಹೆಂಗಸರು ಸೀರೆ ಎತ್ತಿಕಟ್ಟಿ ಫೋಟೊಕ್ಕೆ ನಿಲ್ಲುತ್ತಾರೆ. ನನ್ನಂಥವನು ಉಪ್ಪುಗಾಳಿಗೆ ಮೆತ್ತಗಾಗುವುದರೊಳಗೆ ದಾವಣಗೆರೆ ಮಂಡಕ್ಕಿ ಖಾಲಿ ಮಾಡುವ ಹೊಣೆ ಹೊತ್ತು ಕೂರುತ್ತಾನೆ. ಆದರೆ ಪ್ರತಿ ಬಳಗದಲ್ಲೂ ಒಬ್ಬರಿರುತ್ತಾರೆ. ಅಷ್ಟು ದೊಡ್ಡ ಸಮುದ್ರಕ್ಕೆ ಬೆನ್ನು ಹಾಕಿ, ಕಳೆದುಹೋದ ಉಂಗುರ ಹುಡುಕುವವರ ಹಾಗೆ ನೆಲ ನೋಡುತ್ತ ಹೋಗುತ್ತಾರೆ. ಹೋದಾಗ ಜೇಬು ಖಾಲಿ, ಬಂದಾಗ ಪ್ಯಾಂಟು ಜಾರುತ್ತಿರುತ್ತದೆ. ಇವರು ಕಲ್ಲು ಆಯುವವರು.

ನಮ್ಮ ಬಳಗದಲ್ಲಿ ಆ ಸ್ಥಾನ ಹರಿಹರದ ನಮ್ಮ ಷಡ್ಡಕರದು. ಲೇತ್ ಯಂತ್ರ ಮಾಡುವ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಮೈಕ್ರೋಮೀಟರ್ ಹಿಡಿದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲನ್ನು ವಾಪಸು ಕಳಿಸುತ್ತಿದ್ದ ಮನುಷ್ಯ. ಕಾರ್ಖಾನೆ ಬಾಗಿಲು ಹಾಕಿತು, ಮೈಕ್ರೋಮೀಟರ್ ಮನೆಗೆ ಬಂತು, ಅಳೆಯಲು ಏನಾದರೂ ಬೇಕಾಯಿತು. ಅಂದಿನಿಂದ ಅರಬ್ಬೀ ಸಮುದ್ರ ಇವರ ಮುಂದೆ ಮಾಲು ತಂದು ಹಾಕುತ್ತಿದೆ.

ಕಾಪು ದೀಪಸ್ತಂಭದ ಪ್ರವಾಸದ ಕಥೆ ಹೇಳದೆ ನನಗೆ ಸಮಾಧಾನವಿಲ್ಲ. 1901ರಲ್ಲಿ ಬಂಡೆಯ ನೆತ್ತಿಯ ಮೇಲೆ ಕಟ್ಟಿದ ದೀಪಸ್ತಂಭ ಅದು. ಎಲ್ಲರೂ ಕತ್ತೆತ್ತಿ ದೀಪ ನೋಡಿದರೆ ಇವರು ಬಂಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಮನೆಯಿಂದ ನಾವು ತಂದಿದ್ದ ದೊಡ್ಡ ಮಂಡಕ್ಕಿ ಚೀಲ ಅಷ್ಟರಲ್ಲಿ ಬರಿದಾಗಿತ್ತು. ಹೋಗುವಾಗ ಕಿರುಬೆರಳಲ್ಲಿ ಎತ್ತುವಂತಿದ್ದ ಅದೇ ಚೀಲವನ್ನು ಬರುವಾಗ ಇಬ್ಬರು ಹೊತ್ತು ಡಿಕ್ಕಿಗೆ ಹಾಕಬೇಕಾಯಿತು. ಒಂದಕ್ಕೊಂದು ತಾಗದಿರಲಿ ಎಂದು ನಡುನಡುವೆ ನನ್ನ ಟವೆಲು, ನನ್ನ ಲುಂಗಿ, ಕೊನೆಗೆ ನನ್ನ ಮದುವೆಯ ಶಲ್ಯ.

ಸೋಮೇಶ್ವರ ದಾಟಿ ಆಗುಂಬೆ ಘಾಟಿ ಏರತೊಡಗಿದೆವು. ಹದಿನಾಲ್ಕು ತಿರುವು. ಮೊದಲ ತಿರುವಿಗೇ ಚೀಲದ ಬಾಯಿ ಬಿಚ್ಚಿತು. ಎಡಕ್ಕೆ ಹೊರಳಿದರೆ ಗಡಗಡ, ಬಲಕ್ಕೆ ಹೊರಳಿದರೆ ಗಡಗಡ. ನನ್ನಾಕೆ ಕಿಟಕಿಗೆ ತಲೆ ಕೊಟ್ಟು ವಾಂತಿ ಮಾಡುತ್ತಿದ್ದಾಳೆ, ಡ್ರೈವರು ಸೈಲೆನ್ಸರ್ ಕಳಚಿತೆಂದು ಎರಡು ಸಲ ಇಳಿದು ನೋಡಿದ್ದಾನೆ. ಷಡ್ಡಕರು ಮಾತ್ರ ಕಣ್ಣು ಮುಚ್ಚಿ ಸಂಗೀತ ಕಚೇರಿಯಲ್ಲಿ ಕೂತವರಂತೆ ಕಿವಿಗೊಟ್ಟಿದ್ದಾರೆ. ಏಳನೆಯ ತಿರುವಿನಲ್ಲಿ ನನ್ನ ತೊಡೆ ತಟ್ಟಿ, "ಈಗ ಟಣ್ ಅಂತಲ್ರೀ, ಅದು ಬೆಣಚುಕಲ್ಲು. ಬಿರುಕಿಲ್ಲ, ಪಾಸು" ಅಂದರು. ನಾನು ಅಂದದ್ದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ತೀರ್ಥಹಳ್ಳಿ, ಶಿವಮೊಗ್ಗ, ಹೊನ್ನಾಳಿ ದಾಟಿ ಹರಿಹರ ಮುಟ್ಟುವವರೆಗೂ ನಮ್ಮಿಬ್ಬರಿಗೆ ಮಾತಿರಲಿಲ್ಲ.

ತಂದ ಕಲ್ಲಿನ ಗತಿಯೇನು? ಅಲೆಯಲ್ಲಿ ಮಿಂಚಿದ ಹಸಿರು, ಕೆಂಪು, ಜಾಮೂನು ಬಣ್ಣವೆಲ್ಲ ಮನೆಯಲ್ಲಿ ಒಣಗಿದ ಮೇಲೆ ಬೂದಿ. ಕಲ್ಲಿನ ಮೈಮೇಲಿನ ಸಣ್ಣ ತರಿಗಳು ಬೆಳಕನ್ನು ಚೆದುರಿಸುತ್ತವೆ, ನೀರು ಆ ತರಿ ತುಂಬಿದಾಗಷ್ಟೇ ಒಳಬಣ್ಣ ಕಾಣುತ್ತದೆ ಎಂದು ಅವರೇ ನನಗೆ ಹೇಳಿಕೊಟ್ಟರು. ಹಾಗಾಗಿ ಭಾನುವಾರ ಬೆಳಿಗ್ಗೆ ಕಲ್ಲುಗಳಿಗೆ ಕೊಬ್ಬರಿಎಣ್ಣೆ. "ಮನುಷ್ಯರ ತಲೆಗೆ ಎಣ್ಣಿ ಇಲ್ಲ, ಕಲ್ಲಿಗೆ ಅಭ್ಯಂಜನ ನಡದೈತಿ" ಎಂದು ನನ್ನ ನಾದಿನಿ ಅಡುಗೆಮನೆಯಿಂದಲೇ ಮಂಗಳಾರತಿ ಎತ್ತುತ್ತಾಳೆ. ಸಂಜೆ ಮೆಣಸಿನಕಾಯಿ ಮಂಡಕ್ಕಿ ತಟ್ಟೆ ಮುಂದಿಟ್ಟರೆ ಅದರ ಮೇಲಿನ ನಿಂಬೆಹೋಳು ನಮಗಿಲ್ಲ. ಕಲ್ಲಿನ ಮೇಲೆ ಹಿಂಡಿ, "ನೊರಿ ಬಂದ್ರ ಸುಣ್ಣ ಐತಿ ಅಂತ ಅರ್ಥ, ಕಿವಿ ಕೊಟ್ಟು ಕೇಳ್ರಿ" ಎನ್ನುತ್ತಾರೆ. ಮುಯ್ಯಿ, ಗೃಹಪ್ರವೇಶ, ಹುಟ್ಟುಹಬ್ಬ ಎಲ್ಲಕ್ಕೂ ಅವರ ಉಡುಗೊರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ಕೈ ಮುಗಿಯಬೇಕು. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದಾಗ ಚೀಲ ತಂದಿರಲೇ ಇಲ್ಲ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಒಂದು ಚೂರೂ ಮುಟ್ಟಬಾರದು ಅಂದರು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ತಣ್ಣಗಾಗಿ, ಕುಗ್ಗಿ, ಬಿರಿದು ಕಂಬಗಳಾದದ್ದು. ಹಲವಕ್ಕೆ ಆರು ಮುಖ. ಆ ಕಂಬಗಳ ಮೇಲೆ ಅಂಗೈ ಸವರುತ್ತ, "ಮಷಿನ್ ಇಲ್ದ ಈ ಫಿನಿಶಿಂಗ್ ನೋಡ್ರಿ" ಎಂದು ದೋಣಿಯವನು ಸಿಳ್ಳೆ ಹಾಕುವವರೆಗೂ ನಿಂತಿದ್ದರು.

ಹರಿಹರೇಶ್ವರನ ಗುಡಿಯಲ್ಲೂ ಅಷ್ಟೇ. 1224ರ ಹೊತ್ತಿಗೆ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ನಾವು ಅರ್ಧ ಹರಿ ಅರ್ಧ ಹರನ ಎದುರು ಕೈ ಮುಗಿದರೆ, ಇವರು ಮಂಟಪದ ದುಂಡುಕಂಬಕ್ಕೆ ಕೆನ್ನೆ ಹಚ್ಚಿ ಒಂದು ಕಣ್ಣು ಮುಚ್ಚಿ ನೇರ ನೋಡುತ್ತಾರೆ. ಬಳಪದ ಕಲ್ಲನ್ನು ತಿರುಗಣಿಗೆ ಕೊಟ್ಟು ಕಡೆದ ಕಂಬಗಳವು. ಲೇತಿನ ಕೆಲಸ ಹರಿಹರಕ್ಕೆ ಕಾರ್ಖಾನೆಯ ಜೊತೆ ಬಂದದ್ದಲ್ಲ, ಕಾರ್ಖಾನೆಯ ಜೊತೆ ಹೋಗುವುದೂ ಇಲ್ಲ ಎಂಬುದು ಅವರ ವಾದ. ಆ ಮಾತು ಹೇಳುವಾಗ ದನಿ ಸ್ವಲ್ಪ ಏರುತ್ತದೆ.

ಒಮ್ಮೆ ಅವರ ಮನೆಗೆ ಭೂವಿಜ್ಞಾನ ಕಲಿಸುವ ಮೇಷ್ಟರೊಬ್ಬರು ಬಂದಿದ್ದರು. ಕಲ್ಲೆಲ್ಲ ನೋಡಿ, ನಮ್ಮನ್ನು ತುಂಗಭದ್ರೆಗೆ ಕರೆದೊಯ್ದು, ಬೇಸಿಗೆಯ ಬತ್ತಿದ ಪಾತ್ರದಿಂದ ಕಪ್ಪು-ಕೆಂಪು ಪಟ್ಟೆಯ ಕಲ್ಲೊಂದನ್ನು ಎತ್ತಿಕೊಟ್ಟರು. ಆಯಸ್ಕಾಂತ ಹಿಡಿದರೆ ಗಪ್ಪನೆ ಕಚ್ಚಿತು. ಕುದುರೆಮುಖ, ಬಾಬಾಬುಡನ್‌ಗಿರಿ ಸೀಮೆಯಲ್ಲಿರುವ ಇಂಥ ಕಬ್ಬಿಣದ ಕಲ್ಲಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸಂತೆ. ಸೇಂಟ್ ಮೇರೀಸ್ ಇದರ ಮುಂದೆ ನಿನ್ನೆ ಮೊನ್ನೆಯ ಕೂಸು. ಸಿಕ್ಕಿತು ಸಂದರ್ಭ ಎಂದು ನಾನು, "ಮನೆ ಮುಂದೇ ಇಷ್ಟು ಹಳೇ ಕಲ್ಲು ಇಟ್ಕೊಂಡು ಆಗುಂಬೆ ಯಾಕ್ರೀ ಹತ್ತಿಸ್ತೀರಿ?" ಅಂದೆ.

"ಹೊಳಿ ಕಲ್ಲು ದಿನಾ ಸಿಗ್ತಾವು. ಹೊಳಿಗೆ ಯಾರು ಕಾರು ಮಾಡಿಕೊಂಡು ಎಲ್ಲಾರೂ ಕೂಡಿ ಬರ್ತಾರ?"

ಅಂದು ರಾತ್ರಿ ಅವರ ಲೆಡ್ಜರ್ ನೋಡಿದೆ. ಕಾರ್ಖಾನೆಯ ತಪಾಸಣಾ ಪುಸ್ತಕದ ನಮೂನೆಯೇ: ಸ್ಥಳ, ದಪ್ಪ, ತೂಕ, ಪಾಸು ಅಥವಾ ರಿಜೆಕ್ಟು, ಷರಾ. ಓದಬೇಕಾದದ್ದು ಷರಾ. "ಗೋಕರ್ಣ. 42.6 ಮಿ.ಮೀ. ಮಗಳಿಗೆ ಜ್ವರ, ನೀರಿಗೆ ಇಳಿಯಲಿಲ್ಲ, ಇದನ್ನು ಕೊಟ್ಟೆ, ನಕ್ಕಳು." ಆ ಮಗಳು ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ, ಬರುವುದು ಯುಗಾದಿಗೆ. "ಮುರ್ಡೇಶ್ವರ. ಮಾವನವರು ಸಮುದ್ರ ಮೊದಲ ಸಲ ನೋಡಿದರು. ಕಾಲು ತೊಳೆದುಕೊಂಡು, ಸಾಕು ನಡೀರಿ ಅಂದರು." ನಮ್ಮ ಮಾವ ತೀರಿಕೊಂಡು ಬಹಳ ವರ್ಷವಾಯಿತು, ಆ ಮಾತು ನನಗೆ ಮರೆತೇ ಹೋಗಿತ್ತು. ನನ್ನ ಮೊಬೈಲಿನಲ್ಲಿ ಆ ಪ್ರವಾಸದ ಒಂದು ಫೋಟೊವೂ ಉಳಿದಿಲ್ಲ. ಹಾಳೆ ತಿರುವಿದರೆ ಕಾಪು: "ಬೆಣಚುಕಲ್ಲು, ಪಾಸು. ಷರಾ: ಷಡ್ಡಕರು ಸಿಟ್ಟಾದರು. ಕಾರಣ ತಿಳಿಯಲಿಲ್ಲ."

ಕಾರಣ ತಿಳಿಯಲಿಲ್ಲವಂತೆ! ಆ ಶಲ್ಯ ಇನ್ನೂ ವಾಪಸು ಬಂದಿಲ್ಲ.

ದೀಪಾವಳಿ ರಜೆಗೆ ಕಾರವಾರ ಎಂದು ತೀರ್ಮಾನವಾಗಿದೆ. ಗಾಡಿಯಲ್ಲಿ ಒಂದು ಸೀಟು ಖಾಲಿ ಇದೆ. ಓದುಗರಲ್ಲಿ ಯಾರಾದರೂ ಬರುವುದಿದ್ದರೆ ಸಂತೋಷ. ಹೋಗುವಾಗ ಎಷ್ಟು ಸಾಮಾನು ತಂದರೂ ನಡೆಯುತ್ತದೆ. ಬರುವಾಗ ಮಾತ್ರ ನಿಮ್ಮ ಬ್ಯಾಗು ನಿಮ್ಮ ತೊಡೆಯ ಮೇಲೆ.